ಯೋಗವೂ ಕ್ಷೇಮವೂ

ಯೋಗಕ್ಷೇಮವೆಂಬ ಪದವನ್ನು ನಾವು ಕಾಗದದ ಮೊದಲ ಪಂಕ್ತಿಯಲ್ಲಿ ಬರೆದು ಅದರ ಅರ್ಥವನ್ನು ಮರೆತುಬಿಡುವೆವು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಬಹುಕಾಲ ಹುಡುಗರಿಗೆ ಈ ಪದವನ್ನು ಬಿಡಿಸಿ ಹೇಳಿದ ನಮಗೆ, ಈ ವಿಶ್ರಾಂತಿಯ ದಿನಗಳಲ್ಲಿ ಭೂಪಟವನ್ನು ನೋಡುವಾಗ, ಎರಡು ದೇಶಗಳು ಇದಕ್ಕೆ ತಕ್ಕ ನಿದರ್ಶನಗಳಾಗಿ ತೋರುವುವು. ಒಂದು ಯೂರೋಪಿನ ನೆದರ್ಲೆಂಡ್ಸ್. ಇನ್ನೊಂದು ನಮ್ಮ ನೆರೆಯ ಬಾಂಗ್ಲಾದೇಶ. ಎರಡೂ ಮಹಾನದಿಗಳ ಮೆಕ್ಕಲು ಹರಡಿದ ತಗ್ಗುನೆಲಗಳು. ಭೂಮಿಯ ತಾಪವು ಹೆಚ್ಚಿ ಕಡಲು ಏರುತ್ತಿರುವ ಈ ಕಾಲದಲ್ಲಿ ಎರಡಕ್ಕೂ ಒಂದೇ ಭಯ.

1953ನೆಯ ಫೆಬ್ರವರಿಯ ಮೊದಲ ದಿನ ಉತ್ತರಸಮುದ್ರವು ಒಡ್ಡುಗಳನ್ನೊಡೆದು ನುಗ್ಗಿ ನೆದರ್ಲೆಂಡ್ಸಿನಲ್ಲಿ 1,836 ಮಂದಿಯನ್ನು ಬಲಿಗೊಂಡಿತು. ಅಂದಿನಿಂದ ಆ ಜನರು ನದೀಮುಖಗಳಿಗೆ ಕಟ್ಟೆಗಳನ್ನು ಕಟ್ಟುತ್ತ ಬಂದು, 1997ರಲ್ಲಿ ರಾಟರ್‌ಡ್ಯಾಮಿನ ಜಲಮಾರ್ಗಕ್ಕೆ 22 ಮೀಟರ್ ಎತ್ತರದ ಎರಡು ಬಾಗಿಲುಗಳನ್ನೇ ಇಟ್ಟರು. ಆದರೆ ಇದೆಲ್ಲ ಯೋಗವಷ್ಟೆ. ಅವರ ಕ್ಷೇಮವಿರುವುದು ಮಧ್ಯಯುಗದಿಂದ ನಡೆದುಬಂದ ಜಲಮಂಡಲಿಗಳಲ್ಲಿ. ಒಡ್ಡುಗಳ ತಪಾಸಣೆ, ದುರಸ್ತಿ ಎಲ್ಲವೂ ಅವುಗಳ ಹೊಣೆ. ಅದಕ್ಕಾಗಿ ಮನೆಮನೆಯೂ ವರ್ಷವರ್ಷವೂ ತೆರಿಗೆ ಕೊಡುವುದು. ಇಷ್ಟಿದ್ದರೂ 2003ರ ಬೇಸಗೆಯಲ್ಲಿ ವಿಲ್ನಿಸ್ ಎಂಬ ಊರಿನ ಒಡ್ಡೊಂದು ಜಾರಿಹೋಯಿತು. ಕೊಳೆತ ಸಸ್ಯಗಳಿಂದಾದ ಅದರ ಮಣ್ಣು ಬರದಲ್ಲಿ ಒಣಗಿ ಹಗುರಾಗಿತ್ತು. ನೀರಿಗೆ ಅಂಜದ ಒಡ್ಡನ್ನು ಬಿಸಿಲು ಕೆಡವಿತು!

ಇನ್ನು ಬಾಂಗ್ಲಾದೇಶ. ಅದು ಪೂರ್ವ ಪಾಕಿಸ್ತಾನವಾಗಿದ್ದಾಗ, 1970ರ ನವೆಂಬರಿನ ಚಂಡಮಾರುತದಲ್ಲಿ 3 ಲಕ್ಷಕ್ಕೆ ಕಡಿಮೆಯಿಲ್ಲದಷ್ಟು ಜನ ಸತ್ತರು. ಸ್ವತಂತ್ರವಾದ ಮೇಲೆ, 1972ರಿಂದ, ಹಳ್ಳಿಹಳ್ಳಿಯಲ್ಲಿ ಸ್ವಯಂಸೇವಕರು ಸಿದ್ಧರಾದರು. ಬಿರುಗಾಳಿಯ ಸುದ್ದಿ ಬಂದೊಡನೆ ಅವರು ಊರೂರು ತಿರುಗಿ ಸಾರುವರು; ಜನರು ಕಂಬಗಳ ಮೇಲೆ ಕಟ್ಟಿದ ಆಶ್ರಯಗೃಹಗಳನ್ನು ಸೇರುವರು. ಇವುಗಳಲ್ಲಿ ಅನೇಕವು ಉಳಿದ ದಿನಗಳಲ್ಲಿ ಪಾಠಶಾಲೆಗಳು. ಅಕ್ಷರ ಕಲಿಸುವ ಸೂರೇ ಪ್ರಾಣವನ್ನೂ ಕಾಯುವುದೆಂದರೆ, ಶಾಲೆಯಲ್ಲಿಯೇ ಆಯುಷ್ಯ ಕಳೆದ ನಮ್ಮಂಥವರಿಗೆ ಕಣ್ಣು ತೇವವಾಗುವುದು ಸಹಜ. 2007ರ ಘೋರ ಚಂಡಮಾರುತದಲ್ಲಿ ಸತ್ತವರು ಮೂರು ಸಾವಿರಕ್ಕೂ ಮೇಲಾದರೂ 1970ರ ಲೆಕ್ಕದ ಮುಂದೆ ಅದು ಶತಾಂಶಕ್ಕೆ ಸಮೀಪ.

ಆದರೆ ಉಳಿದ ಪ್ರಾಣವು ಹಿಂದಿರುಗುವುದೆಲ್ಲಿಗೆ? 2009ರ ಮೇ ತಿಂಗಳ ಬಿರುಗಾಳಿಯಲ್ಲಿ ಅಲ್ಲಿಯ ಮಣ್ಣಿನ ಒಡ್ಡುಗಳು ಒಡೆದು, ಗದ್ದೆಗೂ ಕುಡಿಯುವ ನೀರಿನ ಕೊಳಗಳಿಗೂ ಉಪ್ಪುನೀರು ನುಗ್ಗಿತು. ಸಾವಿರಾರು ಸಂಸಾರಗಳು ತಿಂಗಳುಗಟ್ಟಲೆ ಒಡ್ಡಿನ ಮೇಲೆಯೇ ಬಿಡಾರ ಹೂಡಿದುವು. ಈ ಒಡ್ಡುಗಳಿಗೆ ಸಹಜವಾದ ದೋಷವೂ ಒಂದುಂಟು: ಅವು ಕಡಲಿನೊಡನೆ ಹೊಸ ಮೆಕ್ಕಲನ್ನೂ ತಡೆಯುವುದರಿಂದ ಒಳಗಿನ ನೆಲ ಕುಸಿಯುತ್ತ, ಹೊರಗಿನ ನದೀತಳ ಏರುತ್ತ ಹೋಗುವುದು. ಹೀಗಿರುವಲ್ಲಿ ದುರಸ್ತಿಯು ಎಂದಿಗೂ ಮುಗಿಯದ ಕೆಲಸ. ಕಟ್ಟುವುದಕ್ಕೆ ಸಾಲವೂ ನೆರವೂ ದೊರೆತಷ್ಟು ಸುಲಭವಾಗಿ ಈ ಕೆಲಸಕ್ಕೆ ಹಣ ಒದಗುವುದಿಲ್ಲ.

ಆದುದರಿಂದ ಸತ್ತವರನ್ನು ಮಾತ್ರ ಎಣಿಸಿ ಒಂದು ದೇಶವು ಗೆದ್ದಿತೆನ್ನುವುದೂ, ಕಟ್ಟೆಯ ಎತ್ತರವನ್ನು ಮಾತ್ರ ಅಳೆದು ಇನ್ನೊಂದಕ್ಕೆ ಭಯವಿಲ್ಲವೆನ್ನುವುದೂ ಅರ್ಧಸತ್ಯಗಳು. ಬಾಂಗ್ಲಾದೇಶದ ರೈತನು ಜಗತ್ತಿನ ಹೊಗೆಗೆ ಸೇರಿಸಿದುದು ಡಚ್ಚರವನಿಗಿಂತ ಬಹು ಕಡಿಮೆ. ಅವನು ತೆರುವ ಬೆಲೆಯೋ ಬಹು ಹೆಚ್ಚು. ಅವನಿಗೆ ಒಡ್ಡನ್ನು ಕಟ್ಟಿಕೊಡುವವರು ಅದನ್ನು ಕಾಯುವ ವೆಚ್ಚವನ್ನೂ ಕೊಡುವುದೇ ನ್ಯಾಯ.

ಗೃಹಸ್ಥರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗೃಹಪ್ರವೇಶದ ಊಟಕ್ಕೆ ಊರೆಲ್ಲ ಬರುವುದು. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವ ದಿನ ಏಣಿ ಹಿಡಿಯುವವರೂ ಸಿಕ್ಕುವುದಿಲ್ಲ. ಮನೆಯು ಉಳಿಯುವುದು ಮಾತ್ರ ಆ ಎರಡನೆಯ ದಿನದ ಕೆಲಸದಿಂದ.