ಫೆಬ್ರವರಿ ಸಂಬಳ

ಹೊಸದುರ್ಗದ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಾಗ ನಮಗೆ ಫೆಬ್ರವರಿ ಸಂಬಳ ಹೆಸರಿಗಷ್ಟೇ ಬರುತ್ತಿತ್ತು. ವರ್ಷದ ತೆರಿಗೆಯಲ್ಲಿ ಬಾಕಿ ಇದ್ದದ್ದನ್ನೆಲ್ಲ ಆ ಒಂದು ಬಿಲ್ಲಿನಲ್ಲೇ ಮುರಿದುಕೊಳ್ಳುತ್ತಿದ್ದರು. ಜನವರಿಯಿಂದಲೇ ಗುಮಾಸ್ತರು ಬೆನ್ನು ಹತ್ತುತ್ತಿದ್ದರು: ಎಲ್‌ಐಸಿ ರಸೀದಿ, ಎನ್‌ಎಸ್‌ಸಿ ಜೆರಾಕ್ಸ್, ಬಾಡಿಗೆ ಚೀಟಿ. ಬಾಡಿಗೆ ಚೀಟಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಅಂಟಿಸಿ ಅದರ ಮೇಲೆ ಅಡ್ಡಡ್ಡ ಸಹಿ ಹಾಕಿಸಬೇಕಿತ್ತು. ಹಾಗೆ ಸಹಿ ಹಾಕಿದ ಮನೆ ಮಾಲೀಕರಲ್ಲಿ ಕೆಲವರಿಗೆ ಮನೆಯೇ ಇರಲಿಲ್ಲ.

1998ರಲ್ಲಿ ಯಶವಂತ ಸಿನ್ಹಾ ಹಣಕಾಸು ಸಚಿವರಾಗಿದ್ದಾಗ ಒಂದೇ ಹಾಳೆಯ ‘ಸರಳ್’ ಫಾರಂ ಬಂತು. ಅಷ್ಟು ಸರಳವಾದದ್ದನ್ನೂ ನಾನು ತುಂಬಲಿಲ್ಲ. ‘ಸಹಿ ಹಾಕಿ ಕೊಡಿ ಮೇಷ್ಟ್ರೇ, ಮಿಕ್ಕಿದ್ದು ನಾನು ನೋಡ್ಕೋತೀನಿ’ ಎನ್ನುತ್ತಿದ್ದರು ಗುಮಾಸ್ತರು. ಖಾಲಿ ಹಾಳೆಗೆ ಸಹಿ ಹಾಕುತ್ತಿದ್ದೆ. ಅವರು ಎಲ್ಲರದ್ದನ್ನೂ ಒಂದು ಕಟ್ಟು ಮಾಡಿ ಚಿತ್ರದುರ್ಗದ ಆದಾಯ ತೆರಿಗೆ ಕಚೇರಿಗೆ ಒಯ್ದು, ಮೊಹರು ಬಿದ್ದ ಪ್ರತಿ ತಂದುಕೊಡುತ್ತಿದ್ದರು. ಬಸ್ ಚಾರ್ಜು, ಊಟದ ಖರ್ಚು ನಮ್ಮದು. ಒಳಗೆ ಏನು ಬರೆದಿತ್ತೋ ಒಮ್ಮೆಯೂ ಓದಲಿಲ್ಲ. ಆಗ ಎಲ್ಲ ಚೆನ್ನಾಗಿತ್ತು ಎನ್ನುವವರು ತಮ್ಮ ಹಳೆಯ ಪ್ರತಿಯನ್ನೊಮ್ಮೆ ತೆಗೆದು ನೋಡಲಿ.

ಹಿರಿಯೂರಿಗೆ ವರ್ಗವಾದ ಮೇಲೆ ಗುಮಾಸ್ತರ ಜಾಗಕ್ಕೆ ಕಂಪ್ಯೂಟರ್ ಅಂಗಡಿ ಬಂತು. ಅಷ್ಟರಲ್ಲಿ ಸರಳ್ ಹೋಗಿ ಐಟಿಆರ್ ನಮೂನೆಗಳು ಬಂದಿದ್ದವು. ರಿಟರ್ನ್ ಆನ್‌ಲೈನಿನಲ್ಲಿ ಹಾಕಿದರೂ ಸ್ವೀಕೃತಿ ಹಾಳೆಗೆ ಸಹಿ ಮಾಡಿ 120 ದಿನದೊಳಗೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೆ ಅಂಚೆಯಲ್ಲಿ ಕಳಿಸಬೇಕಿತ್ತು. ಒಂದು ವರ್ಷ ಲಕೋಟೆಯ ಮೇಲೆ ವಿಳಾಸವನ್ನೂ ಬರೆದು, ಮೌಲ್ಯಮಾಪನದ ಬ್ಯಾಗಿನಲ್ಲಿ ಮರೆತುಬಿಟ್ಟೆ. ಮುಂದಿನ ಮಾರ್ಚಿನಲ್ಲಿ ಸಿಕ್ಕಿತು. ಹಾಕಿದ ರಿಟರ್ನ್ ಹಾಕದ ಲೆಕ್ಕಕ್ಕೆ ಹೋಗಿತ್ತು. 2015ರಿಂದ ಆಧಾರ್ ಒಟಿಪಿಯಲ್ಲೇ ಆ ಕೆಲಸ ಮುಗಿಯುವಂತಾಯಿತು. ನನ್ನಂಥವರಿಗಾಗಿಯೇ ಮಾಡಿದ್ದಿರಬೇಕು.

ಈಗ ನಿವೃತ್ತನಾಗಿ ಚಿತ್ರದುರ್ಗದಲ್ಲಿದ್ದೇನೆ. ಪೋರ್ಟಲ್ ತೆರೆದರೆ ಪಿಂಚಣಿ, ಬ್ಯಾಂಕ್ ಬಡ್ಡಿ ಎಲ್ಲ ಮೊದಲೇ ತುಂಬಿ ಕೂತಿರುತ್ತವೆ. ನಾನು ಮರೆತಿದ್ದ ಠೇವಣಿಯ ಬಡ್ಡಿಯೂ ಅದಕ್ಕೆ ಗೊತ್ತು. ಹಳೇ ತೆರಿಗೆ ಪದ್ಧತಿಯೋ ಹೊಸದೋ ಎಂಬ ಪ್ರಶ್ನೆಗೆ ಮಗಳು ಫೋನಿನಲ್ಲೇ ಉತ್ತರ ಹೇಳಿದಳು: ‘ಅಪ್ಪ, ನಿಂಗೆ ಸಾಲಾನೂ ಇಲ್ಲ, ಎಲ್‌ಐಸೀನೂ ಮುಗೀತು. ಹೊಸದರಲ್ಲೇ ಹಾಕು.’ ಪಿಂಚಣಿ ವರ್ಷಕ್ಕೆ ಆರು ಲಕ್ಷದ ಆಸುಪಾಸು. ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಎಂದು 75,000 ರೂಪಾಯಿ ಕಳೆದು ರಿಯಾಯಿತಿಯನ್ನೂ ಸೇರಿಸಿಕೊಂಡರೆ ತೆರಿಗೆ ಸೊನ್ನೆ.

ತೊಡಕು ಇದ್ದದ್ದು ಹೊಳಲ್ಕೆರೆ ಕಡೆಯ ನಮ್ಮ ಅಡಿಕೆ ತೋಟದಲ್ಲಿ. ‘ತೋಟದ್ದಕ್ಕೆ ತೆರಿಗೆ ಇಲ್ವಲ್ಲ ಸಾರ್, ಯಾಕೆ ತೋರಿಸ್ತೀರಾ’ ಎಂದು ಗುಮಾಸ್ತರಿಂದ ಹಿಡಿದು ಅಂಗಡಿ ಹುಡುಗನವರೆಗೆ ಎಲ್ಲರೂ ಹೇಳಿದ್ದರು. ನನಗೂ ಅದೇ ಬೇಕಾಗಿತ್ತು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆನ್ನುವುದು ನಿಜ. ಆದರೆ ಅದು 5,000 ರೂಪಾಯಿ ದಾಟಿದರೆ, ಉಳಿದ ಆದಾಯಕ್ಕೆ ಯಾವ ದರ ಎಂದು ನೋಡುವಾಗ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಐಟಿಆರ್ 1 ಕೂಡ ಆಗ ನಡೆಯುವುದಿಲ್ಲ, ಐಟಿಆರ್ 2 ತುಂಬಬೇಕು. ಅಷ್ಟು ವರ್ಷ ನಾನು ತೋರಿಸದೆ ಬಿಟ್ಟದ್ದು ತಿಳಿಯದೆ ಅಲ್ಲ, ಕೇಳದೆ.

ಈ ಸಲ ಯಾರಿಗೂ ಕೊಡದೆ ನಾನೇ ಕೂತೆ. ತೆರಿಗೆ ಸೊನ್ನೆಯೇ ಬರುತ್ತದೆಂದು ಗೊತ್ತಿದ್ದೂ ಐಟಿಆರ್ 2 ತೆರೆದೆ. ತೋಟದಿಂದ ಬಂದದ್ದೆಷ್ಟು, ಖರ್ಚೆಷ್ಟು ಎಂದು ಬೇರೆ ಬೇರೆ ಕೇಳುತ್ತದೆ. ಬಂದದ್ದಕ್ಕೆ ಭೀಮಸಮುದ್ರದ ಮಂಡಿ ಚೀಟಿ ಇದೆ. ಕೊನೆ ಇಳಿಸಿದವನ ಕೂಲಿ, ಸುಲಿದ ಹೆಂಗಸರ ಕೂಲಿ, ಬೇಸಿಗೆಯಲ್ಲಿ ಹೊಡೆಸಿದ ಟ್ಯಾಂಕರ್ ನೀರು, ಇವಕ್ಕೆ ಚೀಟಿ ಎಲ್ಲಿಂದ ತರಲಿ? ತೋಟ ನೋಡಿಕೊಳ್ಳುವ ತಮ್ಮನಿಗೆ ಫೋನ್ ಮಾಡಿದೆ. ‘ಬರ್ಕೋ ಅಣ್ಣ, ಹೇಳ್ತೀನಿ’ ಎಂದು ಟ್ಯಾಂಕರಿನಿಂದ ಶುರುಮಾಡಿದ.