ಸುಣ್ಣ ಬಿಟ್ಟು ಬಂದ ಜೋಳ

ಊಟಿಯ ಬೋಟ್ ಹೌಸ್ ಕಡೆ ಕೆಂಡದ ಮೇಲೆ ತೆನೆ ಸುಟ್ಟು, ನಿಂಬೆಹೋಳಿನಿಂದ ಉಪ್ಪು-ಖಾರ ಉಜ್ಜಿ ಕೊಡುವುದನ್ನು ಕಂಡವರಿಗೆ ಮುಸುಕಿನ ಜೋಳ ನಮ್ಮ ಹಿರೀಕರ ಕಾಲದ್ದೇ ಎನ್ನಿಸಿದರೆ ಆಶ್ಚರ್ಯವಿಲ್ಲ. ವಿದ್ವಾಂಸರಿಗೂ ಹಾಗೆ ಅನ್ನಿಸಿದ್ದುಂಟು. ಸೋಮನಾಥಪುರದ ಶಿಲ್ಪಗಳ ಕೈಯಲ್ಲಿರುವುದು ಜೋಳದ ತೆನೆಯೇ ಎಂದು 1989ರಲ್ಲಿ ಅಮೆರಿಕದ ಕಾರ್ಲ್ ಜೊಹಾನೆಸನ್ ವಾದ ಹೂಡಿದರು. ಅಂದರೆ ಕೊಲಂಬಸ್ ಹಡಗು ಹತ್ತುವ ಎರಡು ಶತಮಾನ ಮೊದಲೇ ಹೊಯ್ಸಳರ ನಾಡಿನಲ್ಲಿ ಜೋಳ! 1993ರಲ್ಲಿ ಪಾಯಕ್ ಮತ್ತು ಸಚಾನ್ ಎಂಬ ನಮ್ಮ ಜೋಳತಜ್ಞರು, ಅದು ತೆನೆಯಲ್ಲ, ಮುತ್ತಿನಿಂದಾದ ಕಾಲ್ಪನಿಕ ಫಲ ಎಂದು ತಣ್ಣೀರೆರಚಿದರು. ನನ್ನ ವೋಟು ಅವರಿಗೇ. ಶಿಲ್ಪಿಯ ಕಣ್ಣಿಗೆ ಬಿದ್ದ ಕಾಳು ಅಡುಗೆಯವರ ಕಣ್ಣಿಗೆ ಬೀಳದೆ ಉಳಿಯುತ್ತದೆಯೇ?

ಅಡುಗೆಯವರ ಮಾತೇಕೆ ಬಂತೆಂದರೆ, ಈಚೆಗೆ ನಮ್ಮ ಮನೆಯಲ್ಲಿ ಪುಪುಸಾ ಹುಚ್ಚು ಹಿಡಿದಿದೆ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ವಿಸ್ತೀರ್ಣದಲ್ಲಿ ಕರ್ನಾಟಕದ ಒಂಬತ್ತನೇ ಒಂದು ಪಾಲು. ಅಲ್ಲಿನ ಸರ್ಕಾರ 2005ರಲ್ಲಿ ಪುಪುಸಾವನ್ನು ರಾಷ್ಟ್ರೀಯ ಖಾದ್ಯವೆಂದು ಸಾರಿ, ನವೆಂಬರಿನ ಎರಡನೇ ಭಾನುವಾರವನ್ನು ಅದಕ್ಕೇ ಮೀಸಲಿಟ್ಟಿತು. ಜೋಳದ ಕಣಕದೊಳಗೆ ಅರೆದು ಹುರಿದ ಕಾಳು, ಚೀಸು, ಹಂದಿಮಾಂಸ, ಇಲ್ಲವೇ ಲೊರೊಕೊ ಎಂಬ ಬಳ್ಳಿಯ ಮೊಗ್ಗು ತುಂಬಿ, ಅಂಗೈಯಲ್ಲೇ ತಟ್ಟಿ ಕಾವಲಿಯ ಮೇಲೆ ಬೇಯಿಸುವುದು, ಇಷ್ಟೇ. ಮೈಸೂರಿನಿಂದ ಬಂದ ನನ್ನ ನಾದಿನಿ ಒಂದು ನಿಮಿಷ ನೋಡಿ ತೀರ್ಪು ಕೊಟ್ಟಳು: “ಇದು ಖಾರದ ಹೋಳಿಗೆ ತಾನೆ ಭಾವ? ಅದಕ್ಯಾಕೆ ಇಷ್ಟು ದೂರದ ಹೆಸರು?”

ತಟ್ಟೋಕೆ ಕೂತಾಗ ಅವಳ ಬಾಯಿ ಮುಚ್ಚಿತು. ಹೋಳಿಗೆಯ ಕಣಕ ಎಳೆದಷ್ಟೂ ಬರುತ್ತದೆ, ಮೈದಾದ ಜಿಗುಟು ಅದಕ್ಕಿದೆ. ಅಂಗಡಿಯ ಜೋಳದ ಹಿಟ್ಟಿಗೆ ಆ ಜಿಗುಟೆಲ್ಲಿ? ಹೂರಣ ಒಳಗಿಟ್ಟು ಬಾಯಿ ಕೂಡಿಸುವಷ್ಟರಲ್ಲಿ ಬೆನ್ನು ಬಿರಿಯುತ್ತದೆ. ಉತ್ತರ ಕರ್ನಾಟಕದವರು ಬಿಳಿಜೋಳದ ರೊಟ್ಟಿಗೆ ಎಸರು ಹಾಕಿ ನಾದುವುದು ಈ ಕಾಟಕ್ಕೇ. ಕುದಿನೀರಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಅಂಟು ಬಿಡುತ್ತದೆ. ಆ ಉಪಾಯ ಪುಪುಸಾಕ್ಕೂ ಅರ್ಧ ದಾರಿಯವರೆಗೆ ನಡೆಯುತ್ತದೆ. ಉಳಿದರ್ಧ ದಾರಿಗೆ ಬೇಕಾದದ್ದು ಸುಣ್ಣ, ವೀಳ್ಯದೆಲೆಗೆ ಸವರುವ ಅದೇ ಸುಣ್ಣ.

ಮೆಕ್ಸಿಕೊದಿಂದ ಎಲ್ ಸಾಲ್ವಡಾರ್‌ವರೆಗೆ ಸಾವಿರಾರು ವರ್ಷಗಳಿಂದ ಒಣಗಿದ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಾರೆ. ಕಿಲೋ ಕಾಳಿಗೆ ಹತ್ತು ಗ್ರಾಮಿನಷ್ಟು ಸುಣ್ಣ ಸಾಕು. ಕುದಿಸಿ, ರಾತ್ರಿಯಿಡೀ ಅದರಲ್ಲೇ ಬಿಟ್ಟು, ಬೆಳಿಗ್ಗೆ ಕಾಳನ್ನು ಕೈಯಲ್ಲಿ ಉಜ್ಜಿದರೆ ಸಿಪ್ಪೆ ಲೋಳೆಯಾಗಿ ಜಾರಿ ಬರುತ್ತದೆ. ಮೂರು ನಾಲ್ಕು ನೀರಿನಲ್ಲಿ ತೊಳೆದು, ನೀರು ಆದಷ್ಟು ಕಡಿಮೆ ಹಾಕಿ ಗ್ರೈಂಡರಿನಲ್ಲಿ ಅರೆದರೆ ಮಣ್ಣಿನ ಘಮವಿರುವ, ಬೆರಳೊತ್ತಿದರೆ ಗುರುತು ನಿಲ್ಲುವ ಕಣಕ ಸಿಗುತ್ತದೆ. 2,240 ಮೀಟರ್ ಎತ್ತರದ ಊಟಿಯಲ್ಲಿ ನೀರು 92–93 ಡಿಗ್ರಿಗೇ ಕುದಿಯುವುದರಿಂದ ಬಯಲುಸೀಮೆಯವರ ಗಡಿಯಾರ ಇಲ್ಲಿ ನಡೆಯದು. ಇನ್ನಷ್ಟು ಹೊತ್ತು ಒಲೆ ಉರಿಯಲೇಬೇಕು.

ಸುಣ್ಣ ಬರೀ ಅಂಟಿಗಲ್ಲ. ಜೋಳದೊಳಗೆ ಬಿಗಿದು ಕೂತ ನಯಾಸಿನ್ ಎಂಬ ಜೀವಸತ್ವವನ್ನು ಅದು ಬಿಡಿಸಿಕೊಡುತ್ತದೆ. ಸಮುದ್ರ ದಾಟಿಸಿದವರು ಕಾಳು ತಂದರು, ಸುಣ್ಣದ ವಿದ್ಯೆ ಅಲ್ಲೇ ಬಿಟ್ಟರು. ಜೋಳವನ್ನೇ ನಂಬಿದ ಉತ್ತರ ಇಟಲಿಯ ಬಡವರಿಗೆ ಚರ್ಮ ಸುಲಿದು ಬುದ್ಧಿ ಕೆಡಿಸುವ ಪೆಲಾಗ್ರ ಅಂಟಿಕೊಂಡಿತು. ನಮ್ಮಲ್ಲೂ ಹೈದರಾಬಾದಿನ ಪೌಷ್ಟಿಕತೆಯ ಸಂಸ್ಥೆಯಲ್ಲಿ ಸಿ. ಗೋಪಾಲನ್ ಅವರು ಇದೇ ರೋಗವನ್ನು ಬಿಳಿಜೋಳ ತಿನ್ನುವವರಲ್ಲಿ ಕಂಡು ಬೆನ್ನುಹತ್ತಿದರು. ಆ ಸಂಸ್ಥೆಯ ತವರು ಯಾವುದು ಗೊತ್ತೇ? ನಮ್ಮ ಕೂನೂರು! 1918ರಲ್ಲಿ ಪಾಶ್ಚರ್ ಇನ್‌ಸ್ಟಿಟ್ಯೂಟಿನ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿಯ ಹಿಂದೆ ಬಿದ್ದದ್ದರಿಂದ ಶುರುವಾಗಿ, 1958ರಲ್ಲಿ ಅದು ಹೈದರಾಬಾದಿಗೆ ಗಂಟುಮೂಟೆ ಕಟ್ಟಿತು. ಇದೇ ಮೆಕ್ಯಾರಿಸನ್ ದೇಶದ ಬೇರೆ ಬೇರೆ ಪ್ರಾಂತದ ಊಟವನ್ನು ಇಲಿಗಳಿಗೆ ಹಾಕಿ ನೋಡಿದರು. ಸಿಖ್ಖರ ಊಟ ತಿಂದವು ದಷ್ಟಪುಷ್ಟವಾದವು, ಮದರಾಸಿ ಊಟದವು ಸೊರಗಿದವು. ದಕ್ಷಿಣದವರಾದ ನಾವು ಈ ಫಲಿತಾಂಶವನ್ನು ಜಾಸ್ತಿ ಪ್ರಚಾರ ಮಾಡುವುದಿಲ್ಲ.

ಇನ್ನು ಒಣ ಕಾಳು ಸಂಪಾದಿಸುವ ಕಷ್ಟ. ಊಟಿಯಲ್ಲಿ ಸಿಗುವ ಹಾಲುಗಾಳಿನ ತೆನೆ ಇದಕ್ಕಾಗದು. ಗುಂಡ್ಲುಪೇಟೆಯ ಅಂಗಡಿಯಲ್ಲಿ ಕೇಳಿದರೆ “ಎಷ್ಟು ಕೋಳಿ ಸಾಕಿದ್ದೀರಿ ಸಾರ್?” ಎನ್ನುತ್ತಾರೆ. ಮನುಷ್ಯರು ತಿನ್ನೋಕೆ ಎಂದರೆ ಮುಖ ಮುಖ ನೋಡುತ್ತಾರೆ. ಅವರ ತಪ್ಪೂ ಇಲ್ಲ, ಕರ್ನಾಟಕದ ಮುಸುಕಿನ ಜೋಳದ ದೊಡ್ಡ ಪಾಲು ಹೋಗುವುದು ಕೋಳಿ ಫಾರಂಗಳಿಗೇ. ಚೀಲ ಹೇರಿಕೊಂಡವರು ಅಲ್ಲಿ ಹರಟುತ್ತ ಕೂರುವಂತಿಲ್ಲ. ಊಟಿಯ ದಾರಿಯಲ್ಲಿರುವ ಬಂಡೀಪುರದ ಕಾಡಿನ ಗೇಟು ರಾತ್ರಿ ಒಂಬತ್ತಕ್ಕೆ ಹಾಕಿದರೆ ತೆಗೆಯುವುದು ಬೆಳಿಗ್ಗೆ ಆರಕ್ಕೆ. ಆನೆಗಳಿಗೆ ನಮ್ಮ ಪುಪುಸಾ ತುರ್ತು ಅರ್ಥವಾಗುವುದಿಲ್ಲ.

ಮಿಕ್ಕ ಸಾಮಾನಿಗೆ ಮಾತ್ರ ನೀಲಗಿರಿಯಷ್ಟು ಒದಗುವ ಜಾಗ ಇನ್ನೊಂದಿಲ್ಲ. ಎಲ್ ಸಾಲ್ವಡಾರಿನವರು ತುಂಬುವ ಕಾಳು ನಮ್ಮ ಹುರುಳಿಕಾಯಿಯ ಜಾತಿಯದೇ, ಬಲಿತ ಬೀಜ. ಚೀಸ್ ಬೇಕೆಂದರೆ ‘ಕಯಾಮತ್ ಸೆ ಕಯಾಮತ್ ತಕ್’ ಚಿತ್ರದ ನಿರ್ದೇಶಕ ಮನ್ಸೂರ್ ಖಾನ್ ಮುಂಬೈ ಬಿಟ್ಟು ಬಂದು ಕೂನೂರಿನ ತೋಟದಲ್ಲಿ ಚೀಸ್ ಮಾಡತೊಡಗಿದರಲ್ಲ. ಜತೆಗೆ ಹಾಕುವ ಕುರ್ತಿದೊ ಎಂಬ ಹುಳಿ ಪಲ್ಯಕ್ಕೆ ಕೋಸು, ಕ್ಯಾರೆಟ್ಟು. ಎರಡೂ ಕಲೆಕ್ಟರ್ ಜಾನ್ ಸಲ್ಲಿವನ್ ಕಾಲದಲ್ಲಿ ಬೆಟ್ಟ ಹತ್ತಿದ ಇಂಗ್ಲಿಷ್ ತರಕಾರಿ, ಈಗ ಕೇತಿ ಕಣಿವೆಯ ಬಡಗರ ಹೊಲದಲ್ಲಿ ಬೇರೂರಿವೆ. ಕೋಸನ್ನು ಎಳೆಯೆಳೆಯಾಗಿ ಹೆಚ್ಚಿ, ಕುದಿನೀರು ಸುರಿದು ಬಸಿದು, ವಿನಿಗರ್, ಈರುಳ್ಳಿ, ಉಪ್ಪು ಸೇರಿಸಿಟ್ಟರೆ ಮರುದಿನಕ್ಕೆ ಹದ. ಎಲ್ ಸಾಲ್ವಡಾರಿನವರು ಒರೆಗಾನೊ ಹಾಕುತ್ತಾರೆ. ನಾನು ಹಿತ್ತಲಿನ ದೊಡ್ಡಪತ್ರೆ ಎರಡೆಲೆ ಹಾಕುತ್ತೇನೆ, ಪರಿಮಳ ಹತ್ತಿರ ಹತ್ತಿರ ಅದೇ.

ಅಂಗೈಗೆ ನೀರು, ಎಣ್ಣೆ ಸವರಿಕೊಂಡು ಕಣಕದ ಉಂಡೆ ಹಿಡಿದು, ಹೆಬ್ಬೆರಳಿನಿಂದ ಬಟ್ಟಲು ಮಾಡಿ, ಹೂರಣವಿಟ್ಟು ಮುಚ್ಚಿ, ಆ ಕೈಯಿಂದ ಈ ಕೈಗೆ ಹಾಕುತ್ತ ತಿರುಗಿಸಿ ತಟ್ಟಬೇಕು. ಅಂಚು ಬಿರಿದಲ್ಲಿ ಒದ್ದೆ ಬೆರಳಾಡಿಸಿದರೆ ಕೂಡಿಕೊಳ್ಳುತ್ತದೆ. ತೆಳ್ಳಗೆ ಮಾಡುವ ಚಪಲ ಬೇಡ, ಅರ್ಧ ಬೆರಳು ದಪ್ಪವಿರಲಿ. ಕಾದ ಕಾವಲಿಯ ಮೇಲೆ ಕಂದು ಚುಕ್ಕೆ ಏಳುವ ಹೊತ್ತಿಗೆ ಎಲ್ಲೋ ಒಂದು ಕಡೆ ಚೀಸು ತೂರಿ ಬಂದು ಚುರ್ ಎಂದು ಗರಿಗರಿಯಾಗುತ್ತದೆ. ಆ ಚೂರಿಗಾಗಿ ನಮ್ಮ ಮನೆಯಲ್ಲಿ ಜಗಳ. ತಿನ್ನುವುದು ಕೈಯಲ್ಲೇ. ಆ ದೇಶದಲ್ಲೂ ಹಾಗೇ.

ನಾದಿನಿ ಕುರ್ತಿದೊ ಪಕ್ಕಕ್ಕೆ ತಳ್ಳಿ ಕಾಯಿಚಟ್ನಿ ಕೇಳಿದಳು. ಚೀಸಿನ ಜಿಡ್ಡು ಮುರಿಯಲು ಹುಳಿಯೇ ಬೇಕು, ಕಾಯಿ ಹಾಕಿದರೆ ಜಿಡ್ಡಿಗೆ ಜಿಡ್ಡು ಎಂದು ನಾನು ವಾದಿಸಿದೆ. ಅವಳು ಚಟ್ನಿಯನ್ನೇ ಅರೆದುಕೊಂಡು ನಾಲ್ಕು ತಿಂದಳು, ಮೈಸೂರಿಗೆ ಹೊರಡುವಾಗ ಅರ್ಧ ಕಿಲೋ ತೊಳೆದ ಕಾಳನ್ನೂ ಕಟ್ಟಿಸಿಕೊಂಡಳು.