ಹೊಸೂರು ರಸ್ತೆಯ ತೆರೆದ ಬಾಗಿಲು

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಸಾಗುವವರಿಗೆ ನಿಮ್ಹಾನ್ಸ್ ಆವರಣದ ಮರಗಳು ಕಣ್ಣಿಗೆ ತಂಪನ್ನೀಯುತ್ತವೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಇದು ಸರ್ಕಾರದ ಮಾನಸಿಕ ಆಸ್ಪತ್ರೆ. ಜನರ ಬಾಯಲ್ಲಿ ಹುಚ್ಚಾಸ್ಪತ್ರೆ. 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಮೊಬೈಲು, ಅಂತರ್ಜಾಲಗಳ ಬಲೆಗೆ ಸಿಕ್ಕವರಿಗಾಗಿ ಈ ಸಂಸ್ಥೆ 2014ರಲ್ಲಿ 'ಶಟ್' ಎಂಬ ಚಿಕಿತ್ಸಾಲಯವನ್ನೇ ತೆರೆಯಿತು.

ಆ ಬಲೆಯ ಒಂದು ಎಳೆ ಡೇಟಿಂಗ್ ಆ್ಯಪು. ಹಿಂದೆ ಎಳೆಯ ಮನಸ್ಸನ್ನು ನೋಯಿಸಲು ಒಬ್ಬರ ಮೌನ ಸಾಕಾಗಿತ್ತು. ಇಲ್ಲಿಯಾದರೋ, ಕಾಣದ ಎಷ್ಟೋ ಬೆರಳುಗಳು ಭಾವಚಿತ್ರವನ್ನು ಪಕ್ಕಕ್ಕೆ ಸರಿಸುತ್ತವೆ, ಏಕೆಂದು ಹೇಳುವವರಿಲ್ಲ. 2012ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಟಿಂಡರ್ 2016ರವರೆಗೆ 13 ವರ್ಷದವರಿಗೂ ತೆರೆದಿತ್ತು. ಅನಂತರ 18ರ ಕಟ್ಟು ಬಂದಿತು. ಆದರೆ ಸುಳ್ಳು ಜನ್ಮದಿನ ಬರೆದು ಒಳಹೊಕ್ಕ ಮಗು ನೊಂದಾಗ ಹಿರಿಯರಲ್ಲಿ ಹೇಗೆ ಬಾಯಿಬಿಟ್ಟೀತು? ನೋವಿನೊಡನೆ ಸುಳ್ಳೂ ಬಯಲಾಗುವುದಲ್ಲವೆ! ನೋವಿಗಿಂತ ಆ ಗುಟ್ಟಿನ ಭಾರವೇ ಹೆಚ್ಚು.

2022ರಲ್ಲಿ ಆರಂಭವಾದ 'ಟೆಲಿ ಮಾನಸ್'ಗೆ ಈ ಸಂಸ್ಥೆಯೇ ಮಾರ್ಗದರ್ಶಿ. 14416ಕ್ಕೆ ಕರೆಮಾಡಿದರೆ ಹಗಲಿರುಳೆನ್ನದೆ ಕೇಳುವ ಕಿವಿಯುಂಟು. ಅದಕ್ಕೂ ಮೊದಲು, ಬಯ್ಯದೆ ಕೇಳುವ ಒಂದು ಕಿವಿ ಮನೆಯಲ್ಲಿಯೇ ಇದ್ದರೆ, ಎಷ್ಟೋ ಮಕ್ಕಳಿಗೆ ಹೊಸೂರು ರಸ್ತೆಯವರೆಗಿನ ದಾರಿ ಉಳಿದೀತು.